ಕಳೆಯಮ್ಮನ ತಾಕು

ಬಿಳಿ ಕೋಟಿನ ಬಲತೋಳಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿ ಹಿಡಿದಿದ್ದಾಗ ಮನೆಯ ಹಿಂದುಗಡೆಯಿಂದ ಯಂತ್ರದ ಸದ್ದು ಕೇಳಿಸಿತು. ಯಾರದೋ ಮೋಟಾರ್ ಬೈಕು ಇರಬೇಕು ಎಂದುಕೊಂಡರು ಇಸ್ತ್ರಿಯಪ್ಪ. ಸದ್ದು ಏರಿತು, ಇಳಿಯಿತು, ಏನಕ್ಕೋ ತಾಗಿ ಗಕ್ಕನೆ ನಿಂತು ಮತ್ತೆ ಏರಿತು. ಅದು ಬೈಕಲ್ಲ, ಕಳೆ ಕೊಚ್ಚುವ ಯಂತ್ರ ಎಂದು ಹೊಳೆದದ್ದೇ ತಡ, ಇಸ್ತ್ರಿಯಪ್ಪ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು, ಕಾಲಿಗೆ ಚಪ್ಪಲಿಯನ್ನೂ ಮೆಟ್ಟದೆ, ಎದ್ದೆನೋ ಬಿದ್ದೆನೋ ಎಂದು ಹೊರಗೆ ಓಡಿದರು.

"ಅಪ್ಪಾ, ಎಲ್ಲಿಗೆ ಓಡ್ತಿದೀರಿ? ಜನ ಬರೋ ಹೊತ್ತಾಯ್ತು!" ಎಂದು ಮಗಳು ಬಾಗಿಲಿಂದ ಕೂಗಿದಳು.

ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ನಡುಮನೆಯಲ್ಲಿ ಅವರ ಹೆಂಡತಿ ಕಣ್ಣು ಮುಚ್ಚಿ ಮಲಗಿದ್ದಳು. ನಿನ್ನೆ ಆಸ್ಪತ್ರೆಯಿಂದ ಅವಳ ದೇಹವನ್ನು ತಂದಾಗಲೇ ಅವರು ಹಟ ಹಿಡಿದಿದ್ದರು: ಅವಳಿಗೆ ಪ್ರಯೋಗಾಲಯದ ಬಿಳಿ ಕೋಟನ್ನೇ ತೊಡಿಸಬೇಕು, ಅದಕ್ಕೆ ಇಸ್ತ್ರಿ ತಾನೇ ಹಾಕಬೇಕು. ಸಂಶೋಧನಾ ಕೇಂದ್ರದ ಗೇಟಿನ ಎದುರು ಲಾಂಡ್ರಿ ಇಟ್ಟುಕೊಂಡು ಇಡೀ ಊರಿನ ಬಟ್ಟೆಗಳ ಸುಕ್ಕು ಬಿಡಿಸಿದ ಮನುಷ್ಯ. ಹೆಂಡತಿಯ ಕೊನೆಯ ಬಟ್ಟೆಯನ್ನು ಇನ್ನೊಬ್ಬರ ಕೈಗೆ ಕೊಡುವುದುಂಟೇ?

ವಸತಿಮನೆಯ ಹಿಂದಿನ ಇಳಿಜಾರಿನಲ್ಲಿ, ಕೇಂದ್ರದ ವಿಜ್ಞಾನಿಯಾಗಿ ಅವಳು ಪ್ರಯೋಗಕ್ಕೆಂದು ಬೆಳೆಸಿದ ತಾಕು ಇತ್ತು. ಸಾಲು ಸಾಲಾಗಿ ಆಸರೆ ಮರಗಳು, ಅವಕ್ಕೆ ಹಬ್ಬಿಕೊಂಡ ಕಾಳುಮೆಣಸಿನ ಬಳ್ಳಿಗಳು, ಬುಡದಲ್ಲೆಲ್ಲ ಮೊಣಕಾಲೆತ್ತರದ ಹಸಿರು. ಮಿಕ್ಕವರು ಅದನ್ನು ಕಳೆ ಎನ್ನುತ್ತಿದ್ದರು. ಅವಳು ಅದನ್ನು ಹೊದಿಕೆ ಎನ್ನುತ್ತಿದ್ದಳು. ಬಳ್ಳಿಯ ಕುತ್ತಿಗೆಗೆ ಸುತ್ತಿಕೊಳ್ಳುವಂಥ ಗಿಡ ಕಂಡರೆ ತಾನೇ ಕಿತ್ತೆಸೆಯುವಳು. ನೆಲಕ್ಕಂಟಿಕೊಂಡು ತನ್ನ ಪಾಡಿಗೆ ತಾನಿರುವ ಗಿಡಗಳನ್ನು ಮಾತ್ರ ಮುಟ್ಟಲೂ ಬಿಡುತ್ತಿರಲಿಲ್ಲ. ಹಾಗಾಗಿಯೇ ಸುತ್ತಲಿನ ಬೆಳೆಗಾರರ ಬಾಯಲ್ಲಿ ಅವಳು ಕಳೆಯಮ್ಮ ಆದದ್ದು. ಗೇಲಿಗೆಂದು ಇಟ್ಟ ಹೆಸರು ಅವಳಿಗೆ ಎಷ್ಟು ಹಿಡಿಸಿತೆಂದರೆ, ಫೋನು ಎತ್ತಿದರೆ "ಹಲೋ, ಕಳೆಯಮ್ಮ ಮಾತಾಡ್ತಿದೀನಿ" ಎನ್ನುತ್ತಿದ್ದಳು.

ಇಸ್ತ್ರಿಯಪ್ಪ ತಾಕಿಗೆ ಬಂದು ನೋಡುತ್ತಾರೆ: ಮೇಲಿನ ಬೇಲಿಯಿಂದ ಕೆಳಗಿನ ಬೇಲಿಯವರೆಗೆ ನಡುವಿನ ಒಂದು ಸಾಲು ಪೂರ್ತಿ ಬೋಳು, ಮರ ಬಳ್ಳಿ ಬಿಟ್ಟರೆ ಬುಡದಲ್ಲಿ ಹಸಿರಿನ ಕುರುಹಿಲ್ಲ. ಕೊಚ್ಚಿದ ಸೊಪ್ಪನ್ನು ಗುಡಿಸಿ ರಾಶಿ ಹಾಕಿದ್ದಾರೆ, ನೆಲವನ್ನು ಗುದ್ದಲಿಯಿಂದ ಕೆತ್ತಿ ಸಮ ಮಾಡಿದ್ದಾರೆ, ಕುರ್ಚಿ ಹಾಕಲು ಅಳತೆ ಹಿಡಿಯುತ್ತಿದ್ದಾರೆ. ಸಾಲಿನ ತುದಿಯಲ್ಲಿ, ಹೊಸ ಬಣ್ಣದ ವಾಸನೆಯ ಜೊತೆ, ಹಳೆಯ ಬೋರ್ಡು ಥಳಥಳ ಹೊಳೆಯುತ್ತಿತ್ತು: 'ಇಲ್ಲಿ ಕಳೆ ಕೀಳಬಾರದು.'

"ನಿಲ್ಸಿ! ನಿಲ್ಸ್ರೀ ಅಂದ್ರೆ!"

ಯಂತ್ರ ನಿಂತಿತು. ಕೇಂದ್ರದ ಮೇಲ್ವಿಚಾರಕರು ಓಡಿ ಬಂದರು. ಅತ್ತು ಅತ್ತು ಅವರ ಕಣ್ಣು ಊದಿಕೊಂಡಿತ್ತು.

"ನೀವ್ಯಾಕೆ ಬಂದ್ರಿ ಸಾರ್? ನಾವೆಲ್ಲ ಇದೀವಲ್ಲ. ಮೇಡಂ ಅವರನ್ನ ಅವರ ತಾಕಿನ ಮಧ್ಯದಲ್ಲೇ ಇಟ್ಟು ಅಂತಿಮ ದರ್ಶನಕ್ಕೆ ಏರ್ಪಾಡು ಮಾಡೋಣ ಅಂತ. ನಿರ್ದೇಶಕರು ಬರ್ತಾರೆ, ದೊಡ್ಡ ದೊಡ್ಡೋರು ಬರ್ತಾರೆ. ಇಂಥ ದಿನ ತಾಕು ಹೀಗೆ ತಲೆ ಕೆದರಿಕೊಂಡಿದ್ರೆ ಮೇಡಂಗೆ ಮರ್ಯಾದೆನಾ? ಅದಕ್ಕೇ ಸ್ವಲ್ಪ ಕ್ಲೀನ್ ಮಾಡಿಸ್ತಿದೀನಿ."

"ಕ್ಲೀನಾ? ಅವಳು ಒಂದು ಕತ್ತಿ ಕೂಡ ತಾಗಿಸದೆ ಕಾಪಾಡಿದ ನೆಲ ಕಣ್ರೀ ಇದು! ಅಲ್ಲಿ ಬೋರ್ಡು ಇದೆಯಲ್ಲ, ಕಾಣ್ಸಲ್ವಾ?"

"ಕಾಣದೆ ಏನು ಸಾರ್? ಅದಕ್ಕೂ ಬಣ್ಣ ಹೊಡೆಸಿದೀನಿ," ಎಂದರು ಮೇಲ್ವಿಚಾರಕರು ಹೆಮ್ಮೆಯಿಂದ. ಹೇಳಿದ ಮೇಲೆ ಒಮ್ಮೆ ಬೋರ್ಡಿನ ಕಡೆ ನೋಡಿದರು, ಒಮ್ಮೆ ಬೋಳು ನೆಲದ ಕಡೆ ನೋಡಿದರು. ಅವರ ಮುಖ ಸುಣ್ಣದಂತೆ ಬಿಳಿಚಿಕೊಂಡಿತು. "ಅಯ್ಯೋ," ಎಂದು ತಲೆ ಮೇಲೆ ಕೈ ಹೊತ್ತು ಅಲ್ಲೇ ಕುಸಿದು ಕುಳಿತರು.

ಬೈಯಬೇಕೆಂದು ಬಂದ ಇಸ್ತ್ರಿಯಪ್ಪ ಅವರನ್ನು ರಟ್ಟೆ ಹಿಡಿದು ಎಬ್ಬಿಸಿದರು. ಕೊಟ್ಟ ಮಾತು ಹೋಯಿತಲ್ಲ ಎಂಬ ಸಂಕಟವೊಂದೇ ಉಳಿಯಿತು.

*

ಮಾತು ಕೊಟ್ಟದ್ದು ಆಸ್ಪತ್ರೆಯಲ್ಲಿ.

"ರೀ, ನನ್ನ ತಾಕಿಗೆ ಯಾರೂ ಕತ್ತಿ ಹಾಕದ ಹಾಗೆ ನೋಡ್ಕೊಳ್ಳಿ," ಎಂದಿದ್ದಳು. ಸ್ವರ ಇಳಿದುಹೋಗಿದ್ದರೂ ಅದರಲ್ಲಿದ್ದ ಅಧಿಕಾರ ಇಳಿದಿರಲಿಲ್ಲ.

"ವಾಸಿ ಮಾಡ್ಕೊಂಡು ನೀನೇ ಬಂದು ನೋಡ್ಕೊಳ್ಳುವೆಯಂತೆ."

"ನಿಮಗೆ ಸುಳ್ಳು ಹೇಳೋಕೆ ಬರಲ್ಲ. ಕಿವಿ ಕೆಂಪಾಗತ್ತೆ. ನೋಡ್ಕೋತೀನಿ ಅಂತ ಹೇಳಿ ಸಾಕು."

"ನೋಡ್ಕೋತೀನಿ ಕಣೆ."

ಅವಳ ಆತಂಕಕ್ಕೆ ಕಾರಣವಿತ್ತು. ಆ ಇಳಿಜಾರನ್ನು ಸಮತಟ್ಟು ಮಾಡಿ ವಾಹನಗಳಿಗೆ ಶೆಡ್ಡು ಕಟ್ಟಬೇಕೆಂದು ಕೇಂದ್ರದ ನಿರ್ದೇಶಕರು ಬಹಳ ದಿನದಿಂದ ಕಣ್ಣು ಹಾಕಿದ್ದರು. ತಾಕು ಉಳಿಯಬೇಕೋ ಬೇಡವೋ ಎಂದು ಹೇಳಬೇಕಾದ ಸಮಿತಿಯ ಅಧ್ಯಕ್ಷರು ಬೇರೆ ಯಾರೂ ಅಲ್ಲ, ತುತ್ತದ ಡಾಕ್ಟರು. ಅವರೂ ವಿಜ್ಞಾನಿಯೇ. ಮೆಣಸಿನ ಸೊರಗು ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಸಿಂಪಡಿಸಬೇಕು, ಬಳ್ಳಿಯ ಬುಡ ಬೋಳಾಗಿರಬೇಕು ಎಂದು ಜೀವಮಾನವಿಡೀ ಸಾರಿದವರು. ಬೆಳೆಗಾರರ ಕೈಪಿಡಿಯಲ್ಲಿ 'ಬಳ್ಳಿಯ ಬುಡವನ್ನು ಕಳೆಯಿಲ್ಲದಂತೆ ಶುಚಿಯಾಗಿಡಿ' ಎಂಬ ವಾಕ್ಯ ಅವರದೇ. ಆ ಒಂದು ವಾಕ್ಯವನ್ನು ಕಿತ್ತುಹಾಕಿಸಲು ಕಳೆಯಮ್ಮ ಪಟ್ಟ ಪಾಡು ಅಷ್ಟಿಷ್ಟಲ್ಲ. ಜಗತ್ತಿನಲ್ಲಿ ಅವಳು ಕೀಳಬೇಕೆಂದಿದ್ದ ಕಳೆ ಅದೊಂದೇ.

ಹಾಗೆಂದು ಅವರಿಬ್ಬರ ನಡುವೆ ಮಾತು ಬಿಟ್ಟಿರಲಿಲ್ಲ. ಡಾಕ್ಟರು ಆಗಾಗ ಮನೆಗೆ ಬರುವರು, ಚಹಾ ಕುಡಿಯುವರು, ಕಪ್ಪು ಖಾಲಿಯಾಗುವ ಮೊದಲೇ ಜಗಳ ಶುರುವಾಗುವುದು.

"ಹೋಲಿಕೆ ಎಲ್ಲಿ ಕಣಮ್ಮ?" ಎಂದು ಅವರು ಮೇಜು ಕುಟ್ಟುತ್ತಿದ್ದರು. "ಅದೇ ಮಣ್ಣು, ಅದೇ ಮರ, ಅದೇ ಮಳೆ. ಒಂದು ಸಾಲು ಬೋಳು, ಪಕ್ಕದ ಸಾಲು ಕಳೆ. ಎರಡನ್ನೂ ಅಕ್ಕಪಕ್ಕ ತೋರ್ಸು. ನಾಳೆನೇ ಒಪ್ಕೋತೀನಿ."

"ಬೋಳು ಸಾಲಿಗೆ ರೋಗ ಬರತ್ತೆ."

"ಬರ್ಲಿ! ಅದಕ್ಕೇ ತಾನೆ ಪ್ರಯೋಗ ಅನ್ನೋದು."

"ಬಂದ ರೋಗ ನನ್ನ ಬೇಲಿಯೊಳಗೆ ಕೈಕಟ್ಟಿ ಕೂತಿರತ್ತಾ? ಮಳೆನೀರಿನ ಜೊತೆ ಕೆಳಗಿನ ತೋಟಗಳಿಗೆ ಇಳಿಯತ್ತೆ. ಅಲ್ಲಿರೋ ಜನ ನನ್ನ ಪ್ರಯೋಗಕ್ಕೆ ಒಪ್ಪಿದಾರಾ? ಅವರು ಅದನ್ನ ನಂಬಿ ಊಟ ಮಾಡೋರು."

"ಹಾಗಾದ್ರೆ ಬೇರೆ ಎಲ್ಲಾದ್ರೂ ಮಾಡು."

"ಬೇರೆ ಕಡೆ ಮಾಡಿ ತಂದಾಗ ಮಣ್ಣು ಬೇರೆ ಅಂದ್ರಿ. ಇನ್ನೊಂದು ಕಡೆ ಮಾಡಿದಾಗ ಮಳೆ ಬೇರೆ ಅಂದ್ರಿ."

"ಬೇರೆ ಇತ್ತಲ್ಲಮ್ಮ, ಅದಕ್ಕೆ ಅಂದೆ!"

ಒಳಗಿನಿಂದ ಇಸ್ತ್ರಿಯಪ್ಪ "ಇನ್ನೊಂದು ಕಪ್ ಚಹಾ ಮಾಡ್ಲಾ, ಇಲ್ಲ ನೀರು ತಂದು ಇಬ್ಬರ ತಲೆ ಮೇಲೂ ಹುಯ್ಯಲಾ?" ಎಂದು ಕೇಳುವರು. ಡಾಕ್ಟರು ಮುಖ ಊದಿಸಿಕೊಂಡು ಹೋಗುವರು. ಮುಂದಿನ ವಾರ ಮತ್ತೆ ಬರುವರು. ಅವಳು ಆ ಬೋಳು ಸಾಲನ್ನು ಜಪ್ಪಯ್ಯ ಅಂದರೂ ಮಾಡಲಿಲ್ಲ, ಅವರು ಸುತರಾಂ ಒಪ್ಪಲಿಲ್ಲ.

*

ಇಸ್ತ್ರಿಯಪ್ಪ ತಾಕಿನಿಂದ ಮನೆಗೆ ಮರಳಿದಾಗ ಮಗಳು ಕೋಟು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಬಲತೋಳಿನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಕಲೆ ಅಚ್ಚೊತ್ತಿದಂತೆ ಕೂತಿತ್ತು.

"ಅಪ್ಪಾ, ಇದೇನಪ್ಪ ಇದು? ಯಾರ ಕರ್ಚೀಫನ್ನೂ ಸುಟ್ಟೋರಲ್ಲ ನೀವು."

ಅವರು ಆ ಕಲೆಯ ಮೇಲೆ ಬೆರಳಾಡಿಸಿದರು. ಇದೊಂದು ಬಾಕಿ ಇತ್ತು ಎನಿಸಿತು. "ಸುಟ್ಟೆ ಕಣಮ್ಮ. ಅದೂ ಅವಳದ್ದನ್ನೇ ಸುಟ್ಟೆ. ಬೇರೆ ಬಟ್ಟೆ ತೆಗಿ."

ಮಗಳಿಗೆ ಅಳುವಿನ ನಡುವೆಯೇ ನಗು ಬಂತು. "ಬೇಡ. ಇದನ್ನೇ ಹಾಕ್ಕೊಂಡು ಹೋಗ್ಲಿ. ಅಮ್ಮ ಇದ್ದಿದ್ರೆ ವರ್ಷವಿಡೀ ಇದನ್ನೇ ಹೇಳಿ ನಿಮ್ಮನ್ನ ಆಡ್ಕೋತಿದ್ಲು. ಆ ಕೋಟಿಗೆ ಕಲೆ ಇಲ್ಲದಿದ್ರೆ ಅದು ಅಮ್ಮಂದು ಅಂತಲೇ ಅನ್ಸಲ್ಲ."

ಅದೂ ನಿಜವೇ. ಅವಳ ಬಟ್ಟೆಯಷ್ಟು ಗಲೀಜು ಬಟ್ಟೆ ಅವರ ಅಂಗಡಿಗೆ ಬಂದದ್ದೇ ಇಲ್ಲ. ಮೆಣಸಿನ ಕರೆ, ಮಣ್ಣು, ಸೊಪ್ಪಿನ ರಸ, ಜೇಬಿನಲ್ಲಿ ಒಮ್ಮೊಮ್ಮೆ ಜೀವಂತ ಎರೆಹುಳು.

*

ಅವಳು ಮೊದಲ ಸಲ ಅಂಗಡಿಗೆ ಬಂದದ್ದು ಮಳೆಗಾಲದಲ್ಲಿ. ಕೇಂದ್ರಕ್ಕೆ ಆಗಷ್ಟೇ ಸೇರಿದ್ದಳು. ಕೋಟು ಕೊಟ್ಟು ಹೊರಟವಳು, ಒಗೆಯಲು ಬಂದು ಬಿದ್ದಿದ್ದ ಎರಡು ಪ್ಯಾಂಟುಗಳ ಮುಂದೆ ಕಾಲು ಕಿತ್ತಿಡದೆ ನಿಂತುಬಿಟ್ಟಳು.

"ಇವು ಯಾರದ್ದು?"

"ಒಂದು ಪೋಸ್ಟ್ ಮಾಸ್ಟರದ್ದು, ಇನ್ನೊಂದು ಡ್ರಾಯಿಂಗ್ ಮೇಷ್ಟ್ರದ್ದು. ಯಾಕ್ರೀ?"

"ಇದಕ್ಕೆ ಮಂಡಿವರೆಗೂ ಕೆಸರು ಸಿಡಿದಿದೆ. ಇದಕ್ಕೆ ಏನೂ ಇಲ್ಲ. ಇಬ್ಬರೂ ಒಂದೇ ಮಳೆಯಲ್ಲಿ ತಾನೇ ನಡೆದದ್ದು?"

"ಪೋಸ್ಟ್ ಮಾಸ್ಟರ್ ಮಣ್ಣುರಸ್ತೆಯಲ್ಲಿ ಬರ್ತಾರೆ. ಮೇಷ್ಟ್ರು ಮೈದಾನದ ಹುಲ್ಲಿನ ಮೇಲೆ ಬರ್ತಾರೆ."

ಅವಳು ಎರಡೂ ಪ್ಯಾಂಟನ್ನು ಎತ್ತಿ ಬೆಳಕಿಗೆ ಹಿಡಿದಳು. ಆ ಹೊತ್ತಿನ ಅವಳ ಮುಖವನ್ನು ಇಸ್ತ್ರಿಯಪ್ಪ ಆಮೇಲೆ ಎಷ್ಟು ಜನರ ಮುಂದೆ ವರ್ಣಿಸಿದ್ದಾರೋ ಲೆಕ್ಕವಿಲ್ಲ. ಕತ್ತಲೆ ಕೋಣೆಯಲ್ಲಿ ಯಾರೋ ದೀಪ ಹಾಕಿದ ಹಾಗಿತ್ತು ಎನ್ನುವರು. ಮೆಣಸಿನ ತೋಟಗಳು ಒಂದೊಂದಾಗಿ ಸೊರಗುತ್ತಿದ್ದ ಕಾಲ ಅದು. ರೋಗದ ಬೀಜ ಮಣ್ಣಿನಲ್ಲಿರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮಣ್ಣಿನಲ್ಲಿರುವುದು ಕಾಲಿಲ್ಲದೆ ರೆಕ್ಕೆಯಿಲ್ಲದೆ ಎಲೆಗೆ ಏರುವುದು ಹೇಗೆ? ಮಳೆಹನಿ ಬೋಳು ನೆಲಕ್ಕೆ ಬಡಿದು ಸಿಡಿಯುತ್ತದೆ, ಆ ಕೆಸರಿನ ಜೊತೆ ರೋಗವೂ ಮೇಲೆ ಹಾರುತ್ತದೆ. ನೆಲಕ್ಕೆ ಹುಲ್ಲಿನ ಹೊದಿಕೆ ಇದ್ದರೆ ಹನಿ ಸಿಡಿಯುವುದಿಲ್ಲ. ಪ್ಯಾಂಟು ಅದನ್ನೇ ಹೇಳುತ್ತಿತ್ತು.

"ಈ ಪ್ಯಾಂಟು ಒಂದಿನಕ್ಕೆ ನನಗೆ ಬೇಕು," ಎಂದಳು.

"ಅದೆಲ್ಲ ಆಗಲ್ಲ. ಗಿರಾಕಿಗಳ ಬಟ್ಟೆ."

"ಒಗೀಬೇಡಿ ಅಷ್ಟೇ. ಹಾಗೇ ತಂದುಕೊಡ್ತೀನಿ." ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಪೋಸ್ಟ್ ಮಾಸ್ಟರ ಪ್ಯಾಂಟನ್ನು ಬಗಲಿಗೆ ಸಿಕ್ಕಿಸಿಕೊಂಡು ಮಳೆಯಲ್ಲೇ ಓಡಿದಳು. ಅರ್ಧ ಗಂಟೆಗೆ ಪೋಸ್ಟ್ ಮಾಸ್ಟರು ಪ್ಯಾಂಟು ಕೇಳಿಕೊಂಡು ಬಂದರು. ಇಸ್ತ್ರಿಯಪ್ಪ ಏನು ಹೇಳಿಯಾರು? "ಸಂಶೋಧನೆಗೆ ಹೋಗಿದೆ ಸಾರ್" ಎಂದರು.

ಆ ಮಳೆಗಾಲವೆಲ್ಲ ಅವಳು ದಿನಾ ಅಂಗಡಿಗೆ ಬಂದಳು. ಗೇಟಿನ ಬಳಿಯ ಜನ ಪ್ರೀತಿ ಪ್ರೇಮ ಎಂದು ಕಣ್ಣು ಮಿಟುಕಿಸಿದರು. ಅವಳು ಬರುತ್ತಿದ್ದದ್ದು ಪ್ಯಾಂಟು ನೋಡಲಿಕ್ಕೆ. ಪ್ರೀತಿ ಆಮೇಲೆ, ಹಿಂಬಾಗಿಲಿನಿಂದ, ಸದ್ದಿಲ್ಲದೆ ಬಂತು.

*

ತಾಕಿನ ಕೆಳತುದಿಯಲ್ಲಿ ಮೆಣಸು ಒಣಗಿಸುವ ಕಣ, ಅದರ ಮೇಲೆ ತಗಡಿನ ಮಾಡು. ಬೋಳು ಸಾಲಿನಲ್ಲಿ ಕುರ್ಚಿ ಹಾಕುವುದು ಬೇಡವೇ ಬೇಡ ಎಂದು ಇಸ್ತ್ರಿಯಪ್ಪ ಪಟ್ಟು ಹಿಡಿದದ್ದರಿಂದ ಅವಳನ್ನು ಮಲಗಿಸಿದ್ದ ತೆರೆದ ಪೆಟ್ಟಿಗೆಯನ್ನು ಆ ಮಾಡಿನ ಕೆಳಗೆ ತಂದಿಟ್ಟರು. ಕೆಳಗಿನ ತೋಟಗಳಿಂದ ಬೆಳೆಗಾರರು ತಂಡ ತಂಡವಾಗಿ ಬಂದರು. ನಿರ್ದೇಶಕರು ಹೊಳೆಯುವ ಬೂಟು ಹಾಕಿಕೊಂಡು ಬಂದು ಮುಂದಿನ ಕುರ್ಚಿಯಲ್ಲಿ ಕುಳಿತರು. ಮೇಲ್ವಿಚಾರಕರು ಒಂದು ಕಂಬದ ಹಿಂದೆ ಮುಖ ಮರೆಸಿಕೊಂಡು ನಿಂತಿದ್ದರು.

ತಾಕಿಗೆ ಅಂಟಿಕೊಂಡೇ ಇದ್ದ ಕೆಳತೋಟದ ಯಜಮಾನಿಯದು ಗಟ್ಟಿ ಗಂಟಲು. ಸಾವಿನ ಮನೆಯಲ್ಲೂ ಅದು ಇಳಿಯುವ ಗಂಟಲಲ್ಲ. "ಮೊದಲನೇ ಸಲ ನನ್ನ ತೋಟಕ್ಕೆ ಬಂದವಳೇ ನನ್ನ ಕೈಲಿದ್ದ ಗುದ್ದಲಿ ಕಸ್ಕೊಂಡ್ಳು ಕಣ್ರೀ," ಎಂದಳು ಕಣ್ಣೊರೆಸಿಕೊಳ್ಳುತ್ತ. "ಮಳೆಗಾಲ ಮುಗಿಯೋವರೆಗೂ ಬುಡ ಕೆತ್ತಬೇಡಿ ಅಂದ್ಳು."

"ಆಮೇಲೆ?" ಎಂದರು ಯಾರೋ.

"ಆಮೇಲೇನು, ಮಳೆಗಾಲ ಮುಗೀತು. ಗುದ್ದಲಿ ಇವತ್ತಿನವರೆಗೂ ವಾಪಸ್ ಕೊಟ್ಟಿಲ್ಲ!"

ಮಾಡಿನಡಿ ನಗು ಹಬ್ಬಿತು. ಇನ್ನೊಬ್ಬ ಬೆಳೆಗಾರ, "ನಂದೂ ಒಂದು ಅವಳ ಹತ್ರಾನೇ ಇದೆ," ಎಂದ. ಮತ್ತೊಬ್ಬ "ನಂದೂ" ಎಂದ. ನಗು ಇನ್ನೂ ದೊಡ್ಡದಾಯಿತು. ಮನೆಯ ಅಟ್ಟದ ಮೇಲೆ ಗುದ್ದಲಿಗಳ ರಾಶಿ ಯಾಕಿದೆಯೆಂದು ಇಸ್ತ್ರಿಯಪ್ಪನಿಗೆ ಅಂದು ತಿಳಿಯಿತು. ಅವರಿಗೆ ನಗಲು ಮನಸ್ಸಾಯಿತು. ಆದರೆ ಎದುರಿಗೇ ಆ ಬೋಳು ಸಾಲು ಬಾಯಿ ತೆರೆದುಕೊಂಡು ಬಿದ್ದಿತ್ತು.

ಅಷ್ಟರಲ್ಲಿ ತುತ್ತದ ಡಾಕ್ಟರು ಬಂದರು. ಕೋಲೂರಿಕೊಂಡು, ಮೊಮ್ಮಗಳ ಹೆಗಲು ಹಿಡಿದುಕೊಂಡು ನಿಧಾನ ನಡೆದು ಬಂದರು. ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತರು. ಕೋಟಿನ ತೋಳಿನ ಮೇಲಿದ್ದ ಸುಟ್ಟ ಕಲೆ ನೋಡಿ ಇಸ್ತ್ರಿಯಪ್ಪನ ಕಡೆ ತಿರುಗಿ ಹುಬ್ಬೇರಿಸಿದರು. ಆಮೇಲೆ ತಾಕಿನ ಕಡೆ ನೋಡಿದರು. ಬೋಳು ಸಾಲು ಕಣ್ಣಿಗೆ ಬಿದ್ದಾಗ ಅವರ ದೃಷ್ಟಿ ಅಲ್ಲೇ ನಿಂತಿತು.

ಆಗ ಮಳೆ ಬಂತು. ಬೆಳಗಿನಿಂದ ಮೋಡ ಕಟ್ಟಿದ್ದದ್ದು ಒಮ್ಮೆಲೇ ಸುರಿಯಿತು. ತಗಡಿನ ಮೇಲೆ ಬೀಳುತ್ತಿದ್ದ ಹನಿಗಳ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದಾಯಿತು. ಯಜಮಾನಿಯ ಗಂಟಲೂ ಸೋತಿತು. ಎಲ್ಲರೂ ಪೆಟ್ಟಿಗೆಯ ಸುತ್ತ ಒತ್ತಾಗಿ ನಿಂತು, ಮಳೆ ನಿಲ್ಲಲೆಂದು ಕಾದರು.

ಮಳೆ ಇಳಿಯುತ್ತ ಬಂದಾಗ ಇಸ್ತ್ರಿಯಪ್ಪ ನೋಡುತ್ತಾರೆ, ಡಾಕ್ಟರು ಅಲ್ಲಿಲ್ಲ. ಮೊಮ್ಮಗಳನ್ನು ಬಿಟ್ಟು, ಕೊಡೆಯನ್ನೂ ಬಿಟ್ಟು, ಬೋಳು ಸಾಲಿನ ಅಂಚಿನಲ್ಲಿ ಹಸಿರಿನ ಮೇಲೆ ಮಂಡಿಯೂರಿ ಬಗ್ಗಿದ್ದಾರೆ.

ಇಸ್ತ್ರಿಯಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ದಪದಪ ಹೆಜ್ಜೆ ಹಾಕುತ್ತ ಹೋದರು. "ಏನು ಹುಡುಕ್ತಿದೀರಿ ಡಾಕ್ಟ್ರೇ? ಅವಳು ಅಲ್ಲಿ ಮಲಗಿದಾಳೆ. ಇವತ್ತೊಂದಿನ ಆದ್ರೂ ಬಿಡಬಾರದಾ?"

"ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ನೆರಳು ಬೀಳತ್ತೆ," ಎಂದರು ಡಾಕ್ಟರು ತಲೆ ಎತ್ತದೆ.

ಅವರು ಬೋಳು ಸಾಲಿನ ಕಡೆಗೆ ಕೈ ಚಾಚಿ, ಬಳ್ಳಿಯ ಕೆಳಗಿನ ಎಲೆಯೊಂದನ್ನು ಮಗುಚಿದರು. ಎಲೆಯ ಬೆನ್ನಿನ ತುಂಬ ಕೆಸರಿನ ಚುಕ್ಕೆ. ಇನ್ನೊಂದನ್ನು ಮಗುಚಿದರು. ಅದರಲ್ಲೂ ಚುಕ್ಕೆ. ಎದೆಯೆತ್ತರದ ಎಲೆಯವರೆಗೂ ಮಣ್ಣು ಹತ್ತಿತ್ತು. ಆಮೇಲೆ ಪಕ್ಕದ ಸಾಲಿಗೆ ತಿರುಗಿ, ಹಸಿರನ್ನು ಬದಿಗೆ ಸರಿಸಿ, ಅದೇ ಎತ್ತರದ ಎಲೆಯನ್ನು ಮಗುಚಿದರು. ಚೊಕ್ಕ. ಅದರ ಪಕ್ಕದ್ದೂ ಚೊಕ್ಕ. ನೆಲಕ್ಕೆ ಮುಟ್ಟುವಷ್ಟು ಜೋತುಬಿದ್ದ ಚಿಗುರಿನ ಎಲೆಯಲ್ಲೂ ಮಣ್ಣಿನ ಒಂದು ಕಣವಿರಲಿಲ್ಲ.

ಇಸ್ತ್ರಿಯಪ್ಪ ತಾವೂ ಬಗ್ಗಿ ಇನ್ನೊಂದು ಎಲೆ ಮಗುಚಿದರು.

"ಯಾರು ಮಾಡ್ಸಿದ್ದು ಇದನ್ನ?" ಎಂದು ಡಾಕ್ಟರು ಕೂಗಿದರು. "ಈ ಸಾಲು ಕೆತ್ತಿಸಿದ್ದು ಯಾರು?"

ಮಾಡಿನಡಿಯ ಜನವೆಲ್ಲ ಇತ್ತ ತಿರುಗಿತು. ಮೇಲ್ವಿಚಾರಕರು ಕಂಬದ ಹಿಂದಿನಿಂದ ಬಂದು ಕೈಮುಗಿದು ನಿಂತರು. "ನಾನೇ ಸಾರ್. ತಪ್ಪಾಯ್ತು. ಏನು ಶಿಕ್ಷೆ ಬೇಕಾದ್ರೂ ಕೊಡಿ."

"ತಪ್ಪಾ? ಲೇ ಪುಣ್ಯಾತ್ಮ! ಈ ಒಂದು ಸಾಲಿಗೆ ಆ ಯಮ್ಮನ ಹತ್ರ ಜೀವಮಾನವಿಡೀ ಬೇಡ್ಕೊಂಡಿದೀನಿ ನಾನು. ಕೊಡಲೇ ಇಲ್ಲ ಅವಳು. ನೀನು ಒಂದು ಬೆಳಿಗ್ಗೆಯಲ್ಲಿ ಮಾಡಿಟ್ಟೆಯಲ್ಲೋ!" ಮುದುಕರು ಮಾಡಿನ ಕಡೆ ಕೋಲು ಬೀಸಿ ಕರೆದರು. "ಬನ್ರಪ್ಪ, ಎಲ್ಲರೂ ಬಂದು ನೋಡಿ. ಅದೇ ಮಣ್ಣು, ಅದೇ ಮರ, ಅದೇ ಮಳೆ. ಇದು ಬೋಳು, ಇದು ಕಳೆ. ಅಂಚಿನಲ್ಲೇ ನಿಲ್ಲಿ, ಬೋಳು ನೆಲ ಯಾರೂ ತುಳೀಬೇಡಿ!"

ಬೆಳೆಗಾರರು ಬಂದರು. ಒಬ್ಬೊಬ್ಬರಾಗಿ ಎಲೆ ಮಗುಚಿ ನೋಡಿದರು. ಮಗಳು ಬಂದು ನೋಡಿದಳು, ಅಪ್ಪನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಇಸ್ತ್ರಿಯಪ್ಪನಿಗೆ ಎದೆ ಉಬ್ಬಿ ಬಂತು. ಬೆಳಗಿನಿಂದ ಕಲ್ಲಿನ ಹಾಗೆ ಕೂತಿದ್ದ ಸಂಕಟ ಎಲ್ಲಿ ಹೋಯಿತೋ ತಿಳಿಯದು. ಗೆದ್ದಳು, ನನ್ನ ಹೆಂಡತಿ ಗೆದ್ದಳು ಎಂದು ಕೂಗಿ ಹೇಳಬೇಕೆನಿಸಿತು. ಸಾವಿನ ಮನೆಯೆಂದು ಸುಮ್ಮನಾದರು. ಕಣ್ಣೀರು ಮಾತ್ರ ಸುಮ್ಮನಿರಲಿಲ್ಲ.

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. "ಡಾಕ್ಟ್ರೇ, ಒಂದು ಮಳೆ ನೋಡಿ ಹೇಳಿಬಿಡೋಕಾಗತ್ತಾ?"

"ಆಗಲ್ಲ. ಅದನ್ನ ನೀವು ನನಗೆ ಹೇಳ್ಕೊಡಬೇಡಿ. ಈ ಕೆಸರಿನಲ್ಲಿ ರೋಗ ಇದೆಯಾ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಮಳೆಗಾಲ ಪೂರ್ತಿ ಎರಡೂ ಸಾಲನ್ನ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ನಾನೇ ಕಾಯ್ತೀನಿ. ಅಲ್ಲಿವರೆಗೂ ಈ ತಾಕನ್ನ ಯಾರೂ ಮುಟ್ಟೋ ಹಾಗಿಲ್ಲ. ಸಮಿತಿ ಅಧ್ಯಕ್ಷನಾಗಿ ಹೇಳ್ತಿದೀನಿ."

"ಮತ್ತೆ ಶೆಡ್ಡು?"

"ಶೆಡ್ಡನ್ನ ನನ್ನ ತಲೆ ಮೇಲೆ ಕಟ್ಟಿಸಿ!"

ಜನ ಗೊಳ್ಳೆಂದು ನಕ್ಕರು. ಡಾಕ್ಟರ ಮುಖದ ಮೇಲೆ ಮಾತ್ರ ಥಟ್ಟನೆ ಚಿಂತೆ ಕವಿಯಿತು. ಅವರು ಕೆಳತೋಟದ ಯಜಮಾನಿಯ ಕಡೆ ತಿರುಗಿದರು. "ಆದ್ರೆ ಒಂದು ಮಾತು. ಈ ಸಾಲು ಬೋಳಾಗಿದ್ರೆ ಇಲ್ಲಿನ ನೀರು ನಿಮ್ಮ ತೋಟಕ್ಕೇ ಇಳಿಯೋದು. ರೋಗ ಬಂದ್ರೆ ಅದೂ ಇಳಿಯತ್ತೆ. ಆ ಯಮ್ಮ ಜೀವ ಇರೋವರೆಗೂ ಬೇಡ ಅಂದದ್ದು ಅದಕ್ಕೇ. ನೀವು ಬೇಡ ಅಂದ್ರೆ ಈಗಲೇ ಸೊಪ್ಪು ಮುಚ್ಚಿಸ್ತೀನಿ."

"ಇಳೀಲಿ ಬಿಡಿ ಸಾಹೇಬ್ರೆ," ಎಂದಳು ಯಜಮಾನಿ. "ನಂದೂ ಕಳೆ ತೋಟಾನೇ. ರೋಗ ಬಂದು ನೆಲದಲ್ಲಿ ಬಿದ್ಕೊಂಡ್ರೂ ಬಳ್ಳಿಗೆ ಏರೋಕೆ ಅದಕ್ಕೆ ನಾನು ಏಣಿ ಇಟ್ಟಿಲ್ಲ."

"ನಂದೂ ಕಳೆ ತೋಟಾನೇ," ಎಂದ ಪಕ್ಕದಲ್ಲಿದ್ದವನು.

"ನಮ್ದೂ."

"ನಮ್ಮ ಕಡೆ ಹಳ್ಳದವರೆಗೂ ಅದೇ."

ಡಾಕ್ಟರು ಒಬ್ಬೊಬ್ಬರ ಮುಖವನ್ನೂ ನೋಡಿದರು. "ಎಲ್ಲರೂ? ಮತ್ತೆ ಕೈಪಿಡಿಯಲ್ಲಿ ನಾನು ಬರೆದಿರೋದು?"

"ಕೈಪಿಡಿ ಓದಿ ಬುಡ ಕೆತ್ತಿದೋರ ತೋಟ ಯಾವತ್ತೋ ಸೊರಗಿ ಹೋಯ್ತು ಸಾಹೇಬ್ರೆ," ಎಂದಳು ಯಜಮಾನಿ. "ನೀವು ಬೇಜಾರ್ ಮಾಡ್ಕೋತೀರಂತ ಯಾರ್ಗೂ ಹೇಳ್ಬೇಡಿ ಅಂದಿದ್ಲು ಕಳೆಯಮ್ಮ. ಅವರು ಒಳ್ಳೇ ಮನುಷ್ಯ, ಅವರೇ ಕಣ್ಣಾರೆ ನೋಡಿ ಒಪ್ಕೊಳ್ಳಿ ಅಂತಿದ್ಲು."

ಡಾಕ್ಟರು ಕೋಲೂರಿ ಎದ್ದರು. ಮಾಡಿನಡಿಗೆ ಹೋಗಿ ಪೆಟ್ಟಿಗೆಯ ಅಂಚು ಹಿಡಿದು ನಿಂತರು. ಇಸ್ತ್ರಿಯಪ್ಪ ಅವರ ಹಿಂದೆಯೇ ಹೋದರು. ಮನೆಯ ಚಹಾ ಮೇಜಿನ ಮುಂದೆ ಮಾತಾಡುತ್ತಿದ್ದರಲ್ಲ, ಅದೇ ದನಿ, ಅದೇ ಜಗಳದ ಏರು.

"ನೋಡ್ದೆ ಕಣಮ್ಮ. ಎರಡೂ ನೋಡ್ದೆ. ಆ ವಾಕ್ಯ ನಾನೇ ಬರೆದದ್ದು, ನಾನೇ ಕಿತ್ತಾಕ್ತೀನಿ. ಆದ್ರೂ ಹೋಲಿಕೆ ಇಲ್ಲದೆ ಒಪ್ಪಲ್ಲ ಅಂದದ್ದು ಸರಿಯಾಗೇ ಇತ್ತು. ಅದರಲ್ಲಿ ಮಾತ್ರ ನಾನು ಸೋಲಲ್ಲ, ತಿಳ್ಕೋ."

ಅವರ ಜಗಳದಲ್ಲಿ ಅವಳು ಉತ್ತರ ಕೊಡದೆ ಬಿಟ್ಟದ್ದು ಅದೇ ಮೊದಲು. ಡಾಕ್ಟರು ಕೆಸರುಗೈಯಿಂದಲೇ ಕಣ್ಣೊರೆಸಿಕೊಂಡರು. ಇಸ್ತ್ರಿಯಪ್ಪ ತಮ್ಮ ಗರಿಗರಿ ಅಂಗಿಯ ತೋಳನ್ನು ಅವರ ಹೆಗಲ ಸುತ್ತ ಹಾಕಿದರು.

ಹೊರಡುವ ಹೊತ್ತಾಯಿತು. ಶವವಾಹನ ಮೇಲಿನ ರಸ್ತೆಯಲ್ಲಿ ನಿಂತಿತ್ತು. ಬೆಳೆಗಾರರು ಪೆಟ್ಟಿಗೆಗೆ ಹೆಗಲು ಕೊಟ್ಟರು. ಮುಂದಿನ ಮೂಲೆಗೆ ಇಸ್ತ್ರಿಯಪ್ಪ, ಇನ್ನೊಂದಕ್ಕೆ ಮಗಳು. ಮೇಲಕ್ಕೆ ಹತ್ತಿರದ ದಾರಿಯೆಂದರೆ ಕೆತ್ತಿ ಸಮ ಮಾಡಿದ ಆ ಬೋಳು ಸಾಲೇ. ನಿರ್ದೇಶಕರು ಬೂಟನ್ನು ಕಾಪಾಡಿಕೊಳ್ಳುತ್ತ ಅತ್ತ ಹೆಜ್ಜೆ ಹಾಕಿದರು. ಅಷ್ಟು ಹೊತ್ತಿಗಾಗಲೇ ಡಾಕ್ಟರು ಸಾಲಿನ ಬಾಯಿಗೆ ಅಡ್ಡವಾಗಿ, ಎರಡೂ ಕೈ ಚಾಚಿ ನಿಂತಿದ್ದರು.

"ಇಲ್ಲಿ ದಾರಿ ಇಲ್ಲ. ಪ್ರಯೋಗ ನಡೀತಿದೆ."

"ಡಾಕ್ಟ್ರೇ, ಪೆಟ್ಟಿಗೆ..."

"ಪೆಟ್ಟಿಗೇನೂ ಸುತ್ತಿ ಹೋಗ್ಲಿ. ಅವಳನ್ನ ಕೇಳಿದ್ರೆ ಅವಳೂ ಇದನ್ನೇ ಹೇಳ್ತಿದ್ಲು."

ಇಸ್ತ್ರಿಯಪ್ಪ ಹೆಗಲಿನ ಭಾರವನ್ನು ಸರಿಮಾಡಿಕೊಂಡು ಎಡಕ್ಕೆ ತಿರುಗಿದರು. ಅವರ ಹಿಂದೆ ಪೆಟ್ಟಿಗೆ ತಿರುಗಿತು, ಪೆಟ್ಟಿಗೆಯ ಹಿಂದೆ ಇಡೀ ಜನ ತಿರುಗಿತು. ಬೇಲಿಯ ಬದಿಯ ಕೆಸರಿನಲ್ಲಿ ಜಾರುತ್ತ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಮೆರವಣಿಗೆ ತಾಕನ್ನು ಸುತ್ತುಹಾಕಿ ಮೇಲೇರಿತು. ನಿರ್ದೇಶಕರು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದರು. ಮೇಲಿನ ತಿರುವಿನಲ್ಲಿ ಇಸ್ತ್ರಿಯಪ್ಪ ಒಮ್ಮೆ ಹಿಂದಿರುಗಿ ನೋಡಿದರು. ಮಳೆ ಮತ್ತೆ ಶುರುವಾಗಿತ್ತು. ಡಾಕ್ಟರು ಕೈ ಚಾಚಿಕೊಂಡು ಅಲ್ಲೇ ನಿಂತಿದ್ದರು. ಅವರ ಬೆನ್ನಹಿಂದೆ, ಕೆಳಬೇಲಿಯಿಂದ ಮೇಲಿನ ಬೇಲಿಯವರೆಗೆ, ಒದ್ದೆ ಮಣ್ಣಿನ ಮೇಲೆ ಒಂದೇ ಒಂದು ಹೆಜ್ಜೆಯ ಗುರುತೂ ಇರಲಿಲ್ಲ.